ಓ ನೆಗೆಟಿವ್ ಮೇಷ್ಟ್ರು

ತಿಮ್ಮಪ್ಪ ಮೇಷ್ಟ್ರು ನಮ್ಮ ಕೈ ಹಿಡಿದರೆ ಅದು ಪ್ರೀತಿಗಲ್ಲ, ಬೆರಳಿನ ತುದಿಗೆ. ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರು ಯಾರು ಸಿಕ್ಕಿದರೂ ಕ್ಷೇಮ ಕೇಳುವ ಮೊದಲು "ನಿಂದ್ಯಾವ ಗ್ರೂಪು?" ಅನ್ನೋರು. ಗೊತ್ತಿಲ್ಲ ಅಂದವನ ಕಥೆ ಮುಗೀತು. ಅವನನ್ನು ಮನೆಗೆ ಕರೆದೊಯ್ದು, ಜಗಲಿ ಮೇಲೆ ಕೂರಿಸಿ, ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಇಳಿಸಿ, ಕಿಟಕಿಯಲ್ಲಿ ಬಿಸಿಲು ಕಾಯುತ್ತಿದ್ದ ಮೂರು ಪುಟ್ಟ ಬಾಟಲಿಗಳಿಂದ ಹನಿ ಬಿಡೋರು.

"ಬೇರೆ ಗ್ರೂಪಾದ್ರೆ ಹನಿ ಬಿಟ್ಟ ಕಡೆ ರಕ್ತ ಹಾಲು ಒಡೆದಂಗೆ ಒಡೀಬೇಕು. ನೋಡು, ಎಲ್ಲೂ ಒಡೀಲಿಲ್ಲ. ನೀನು ಓ ನೆಗೆಟಿವ್."

ಅವರ ಜಗಲಿ ಹತ್ತಿದವರೆಲ್ಲ ಓ ನೆಗೆಟಿವ್ವೇ. ಇದು ತೊಂಬತ್ತರ ದಶಕದ ಮಾತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದ ಆ ಮನುಷ್ಯನಿಗೆ ಇಡೀ ಊರಿಗೆ ಒಂದೇ ಗ್ರೂಪು ಹೇಗೆ ಬಂತು ಅನ್ನೋ ಅನುಮಾನ ಒಂದು ದಿನವೂ ಬರಲಿಲ್ಲ. "ನಮ್ಮೂರ ಕೆರೆ ನೀರಿನ ಗುಣ ಕಣಯ್ಯ," ಅಂದುಬಿಟ್ಟರು. ಹುಲಿಕೆರೆಯ ಗೌಡರ ಮಂಡಿನೋವಿಗೂ ಗ್ರೂಪೇ ಕಾರಣ, ಅವರ ಸೊಸೆಯ ಸಿಡುಕಿಗೂ ಗ್ರೂಪೇ ಕಾರಣ. ಯಾರಾದರೂ ಎದುರು ಮಾತಾಡಿದರೆ ಜೇಬಿನ ಪೆನ್ನು ಸರಿಮಾಡಿಕೊಂಡು "ಇದು ವಿಜ್ಞಾನ, ಬಾಯಿಮಾತಲ್ಲ" ಅನ್ನೋರು. ಅವರ ಬಾಯಿಂದ ಬಾಯಿಮಾತು ಬಿಟ್ಟು ಬೇರೆ ಏನೂ ಬಂದದ್ದನ್ನು ನಾನಂತೂ ಕಾಣೆ.

ನಗಾಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ನನ್ನ ಯಜಮಾನರು ಅವರ ಹಳೆಯ ಶಿಷ್ಯ. ನಮ್ಮ ಎಳೆಗೂಸು ಸುಮಾಗೆ ನಾಯಿಕೆಮ್ಮಿನ ಮೊದಲ ಇಂಜೆಕ್ಷನ್ ಹಾಕಿಸಿದಾಗ ಜ್ವರ ಬಂತು, ತೊಡೆ ಊದಿಕೊಂಡಿತು. ಬರುತ್ತೆ, ಹೆದರಬೇಡಿ ಅಂತ ನರ್ಸಮ್ಮ ಮೊದಲೇ ಹೇಳಿದ್ದರು, ಮಾರನೇ ದಿನಕ್ಕೆ ಇಳಿದೂ ಹೋಯಿತು. ಇವರು ಮಾತ್ರ ಮಗುವನ್ನು ಎತ್ತಿಕೊಂಡು ಗುರುಗಳ ಜಗಲಿಗೆ ಹೋದರು.

ಮೇಷ್ಟ್ರು ಆ ಎಳೆಯ ಬೆರಳನ್ನೂ ಬಿಡಲಿಲ್ಲ. "ಓ ನೆಗೆಟಿವ್. ನಾನು ಅನ್ಕೊಂಡೇ ಇದ್ದೆ. ಈ ರಕ್ತ ಹೊರಗಿಂದು ಏನನ್ನೂ ಸೇರಿಸಲ್ಲ ಕಣಯ್ಯ. ಮೊದಲನೇದಕ್ಕೆ ಜ್ವರ, ಎರಡನೇದು ನೆತ್ತಿಗೇರ್ತದೆ. ಮಗು ಬೇಕೋ, ಇಂಜೆಕ್ಷನ್ ಬೇಕೋ ನೀನೇ ನೋಡು."

ನಾನು ಜಗಳವಾಡಿದೆ, ಅತ್ತು ಕರೆದೆ, ಊಟ ಬಿಟ್ಟೆ. "ಮೇಷ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ?" ಅಂದರು ಇವರು. ಎರಡನೇ ಇಂಜೆಕ್ಷನ್ನಿನ ದಿನ ಮಗುವನ್ನು ಬೇಕಂತಲೇ ಬಿಕ್ಕೋಡಿನ ನಾದಿನಿ ಮನೆಗೆ ಕರೆದುಕೊಂಡು ಹೋದರು, ಆಮೇಲೂ ಹಾಕಿಸಲು ಬಿಡಲಿಲ್ಲ.

ಐದು ತಿಂಗಳು ತುಂಬುವಷ್ಟರಲ್ಲಿ ಸುಮಾಗೆ ನಾಯಿಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ತುಟಿ ನೀಲಿಯಾಗೋದು, ಕುಡಿದ ಹಾಲೆಲ್ಲ ಆಚೆ ಬರೋದು. ಉಸಿರು ತಿರುಗಿ ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬರುತ್ತಿತ್ತು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ರಕ್ತ ನೋಡಿದರೆ ಬಿ ಪಾಸಿಟಿವ್.

ಬಾಟಲಿಗಳ ಕಥೆ ಕೇಳಿ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. "ಆ ಔಷಧಿನ ಫ್ರಿಜ್ಜಲ್ಲಿಡಬೇಕು. ಬಿಸಿಲಿಗೆ ಕೆಟ್ಟರೆ ಯಾರ ರಕ್ತವೂ ಒಡೆಯಲ್ಲ, ಎಲ್ಲರೂ ಓ ನೆಗೆಟಿವ್ ಆಗ್ತಾರೆ. ಅದಿರಲಿ, ಇಂಜೆಕ್ಷನ್ ಜ್ವರಕ್ಕೂ ಗ್ರೂಪಿಗೂ ಏನ್ರೀ ಸಂಬಂಧ? ಯಾವ ಗ್ರೂಪಿನ ಮಗುವಿಗಾದರೂ ಬರುತ್ತೆ, ಹೋಗುತ್ತೆ."

ಮಗು ಉಳಿಯಿತು. ಊರಿಗೆ ಬಂದವಳೇ ಅದನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಮೇಷ್ಟ್ರ ಜಗಲಿಗೆ ಹೋದೆ. ಒಂದು ಸಲ ಬಾಯಿ ಬಿಟ್ಟು ತಪ್ಪಾಯ್ತಮ್ಮ ಅನ್ನಲಿ, ಅಷ್ಟೇ ಬೇಕಿತ್ತು ನನಗೆ.

"ಬಿ ಪಾಸಿಟಿವ್ವಂತೆ," ಅಂದೆ.

ಮೇಷ್ಟ್ರು ಪೆನ್ನು ಸರಿಮಾಡಿಕೊಂಡರು. "ಬಿ ಪಾಸಿಟಿವ್ವಾ? ಅದು ಇನ್ನೂ ಸೂಕ್ಷ್ಮ ಕಣಮ್ಮ. ನಾನು ಬೇಡ ಅಂದಿದ್ದೇ ಒಳ್ಳೇದಾಯ್ತು."

ನಾನು ಬಾಯಿ ತೆರೆಯುವುದರೊಳಗೆ ಸುಮಾಗೆ ಕೆಮ್ಮು ಉಕ್ಕಿತು. ಮೇಷ್ಟ್ರು ಟವಲಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರು. "ಮೊಮ್ಮಗನ್ನ ಈಚೆ ಬಿಡಬೇಡ್ವೇ, ನಾಯಿಕೆಮ್ಮು ಬಂದೈತೆ," ಅಂತ ಕೂಗಿದ್ದು ಕೇಳಿಸಿತು.

ಒಳಗಿಂದ ಅವರ ಹೆಂಡತಿ ಅಂದರು: "ಯಾಕ್ರೀ ಹಂಗೆ ಹೆದರ್ಕೋತೀರಾ? ನೀವೇ ಮುಂದೆ ನಿಂತು ಅವನಿಗೆ ಮೂರೂ ಇಂಜೆಕ್ಷನ್ ಹಾಕಿಸಿದ್ದೀರಲ್ಲ."