ಮಾವನವರ ಇಂಗ್ಲಿಷ್ ಕ್ಲಾಸು

ಜಾಲಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಒಂದು ಶಾಲೆ ನಡೆಯುತ್ತಿತ್ತು. ಟೀಚರ್ ನಾನು. ಇದ್ದ ಒಬ್ಬನೇ ವಿದ್ಯಾರ್ಥಿ, ಕಾರ್ಖಾನೆಯಿಂದ ನಿವೃತ್ತರಾಗಿದ್ದ ನನ್ನ ಮಾವನವರು.

ಪೀಣ್ಯದ ಕಡೆಯ ಶಾಲೆಯೊಂದರಿಂದ ನನಗೆ ಟೀಚರ್ ಕೆಲಸದ ಸಂದರ್ಶನಕ್ಕೆ ಕರೆ ಬಂದಿತ್ತು. ಐದನೇ ತರಗತಿಗೆ ಒಂದು ಪಾಠ ಮಾಡಿ ತೋರಿಸಬೇಕು. ವಿಷಯ, ಇಂಗ್ಲಿಷಿನಲ್ಲಿ ನಾಮಪದದ ಮುಂದೆ ಬರುವ ಎ, ಆನ್, ದಿ, ಸಮ್, ಮೈ ಮುಂತಾದ ಪುಟ್ಟ ಪದಗಳು. ನನಗೆ ಡಿಗ್ರಿ ಇತ್ತು, ಧೈರ್ಯ ಇರಲಿಲ್ಲ. ಮದುವೆಯಾಗಿ ದಾವಣಗೆರೆಯಿಂದ ಬಂದ ಮೇಲೆ ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳೇ ಅಲ್ಲ. ಈ ಕೆಲಸವೂ ತಪ್ಪಿದರೆ ಜೀವನವೆಲ್ಲ ಬೇಯಿಸಿ ಬಡಿಸುವುದರಲ್ಲೇ ಕಳೆದುಹೋಗುತ್ತದೆಂದು ಹೆದರಿ ಒಂದು ಬೆಳಿಗ್ಗೆ ಒಲೆಯ ಮುಂದೆ ಅಳುತ್ತ ನಿಂತಿದ್ದೆ.

"ಅಳೋದ್ಯಾಕಮ್ಮ? ನನ್ನೇ ಐದನೇ ಕ್ಲಾಸು ಅನ್ಕೊಂಡು ಪಾಠ ಮಾಡು," ಎಂದು ಮಾವ ಅವರೆಕಾಯಿ ಸುಲಿಯುತ್ತ ಎದುರಿಗೆ ಕೂತರು.

ಅಂದಿನಿಂದ ದಿನಾ ಕ್ಲಾಸು. ನಾನು ಈರುಳ್ಳಿ ಎತ್ತಿ ಹಿಡಿದರೆ ‘ಆನ್ ಆನಿಯನ್’ ಅನ್ನಬೇಕು, ಉಪ್ಪಿಗೆ ‘ಸಮ್ ಸಾಲ್ಟ್’. ಈ ಮಹಾನುಭಾವರು ಎಲ್ಲದಕ್ಕೂ ‘ದಿ’ ಅಂಟಿಸುವವರು. ಒಮ್ಮೆ ಅತ್ತೆಯವರನ್ನು ತೋರಿಸಿ ‘ಮೈ ದಿ ವೈಫ್’ ಎಂದುಬಿಟ್ಟರು.

"ಎರಡೂ ಒಟ್ಟಿಗೆ ಬರಲ್ಲ ಮಾವ. ಮೈ ಅಂದ್ಮೇಲೆ ದಿ ಬೇಡ."

"ಬರೀ ವೈಫ್ ಅಂದ್ರೆ ಏಕವಚನ ಆಗಲ್ವಾ? ದಿ ಹಾಕಿದ್ರೆ ಒಂದು ಮರ್ಯಾದೆ."

"ಮರ್ಯಾದೆಗಲ್ಲ ಮಾವ! ಯಾವುದು ಅಂತ ಹೇಳೋರಿಗೂ ಕೇಳೋರಿಗೂ ಗೊತ್ತಿದ್ದಾಗ ದಿ. ಎಷ್ಟು ಸಲ ಹೇಳೋದು ನಿಮಗೆ?"

ನನ್ನ ಗಂಟಲು ಬೀದಿಗೆ ಕೇಳಿಸಿರಬೇಕು. ಸೊಸೆ ಮಾವನನ್ನು ಗದರುವುದೆಂದರೇನು! ಅತ್ತೆ ಸೌಟು ಹಿಡಿದು ಹಾಗೇ ನಿಂತರು. ಮಾವನ ಮುಖ ಮಾತ್ರ ಅರಳಿತು. "ಬಂತು ನೋಡು ಧ್ವನಿ! ಹೀಗೇ ಗದರಮ್ಮ, ಅಲ್ಲೂ ಹೀಗೇ ಮಾಡು," ಅಂದರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಶಾಲೆಯಲ್ಲಿ ಪಾಠ ಶುರುವಾಗುತ್ತಿದ್ದಂತೆ ಮಕ್ಕಳು ಗಲಾಟೆ ಎಬ್ಬಿಸಿದರು. ಮೂಲೆಯಲ್ಲಿ ಹೆಡ್‌ಮಿಸ್ ಕೂತಿದ್ದಾರೆ. ಮಾವನನ್ನು ನೆನೆದು ಅದೇ ಗಂಟಲು ತೆಗೆದೆ. ಕ್ಲಾಸು ತೆಪ್ಪಗಾಯಿತು. ಆಮೇಲೆ ಪಾಠ ತಾನಾಗಿಯೇ ಸಾಗಿತು, ಕೆಲಸವೂ ಸಿಕ್ಕಿತು.

ಮನೆಗೆ ಬಂದು ಹೇಳಿದಾಗ ಮಾವನಿಗೆ ಹಿಗ್ಗೋ ಹಿಗ್ಗು. ಸ್ವಲ್ಪ ಹೊತ್ತಾದ ಮೇಲೆ ಸಣ್ಣ ದನಿಯಲ್ಲಿ ಕೇಳಿದರು: "ನಿಂದು ಪಾಸಾಯ್ತು. ನಂದು?"

ಇನ್ನು ತಮ್ಮ ಜೊತೆ ಯಾರೂ ಕೂರುವುದಿಲ್ಲ ಎಂಬ ಚಿಂತೆ ಅವರಿಗೆ.

"ನಿಮ್ದು ಫೇಲು ಮಾವ. ನಾಳೆಯಿಂದ ಸಾಯಂಕಾಲ ಕ್ಲಾಸು."

ಅಷ್ಟಕ್ಕೇ ಕಣ್ಣು ಒರೆಸಿಕೊಂಡರು. ಆಮೇಲೆ ದಿನಾ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಕಾಫಿ ಬೆರೆಸಿಟ್ಟು ಕಾಯುತ್ತಿದ್ದರು. ಆ ಸಾಯಂಕಾಲಗಳು ಈಗಲೂ ಬೇಕು ಬೇಕು ಅನಿಸುತ್ತವೆ. ಕ್ಲಾಸು ಮುಗಿದ ಮೇಲೆ ತಪ್ಪದೆ ಕೇಳುವರು, "ಇವತ್ತಾದ್ರೂ ಪಾಸಾ?" ನಾನು ಇಲ್ಲವೆನ್ನುವೆ.

ಕೊನೆಕೊನೆಗೆ ಅವರು ಎಲ್ಲವನ್ನೂ ಸರಿಯಾಗಿಯೇ ಹೇಳುತ್ತಿದ್ದರು. ಆದರೂ ನಾನು ಪಾಸು ಮಾಡಲಿಲ್ಲ. ಮಾಡಿದರೆ ಕ್ಲಾಸು ಮುಗಿದುಹೋಗುತ್ತದಲ್ಲ.

ಹೋದ ವರ್ಷ ಮಾವ ತೀರಿಕೊಂಡರು, ಕ್ಲಾಸು ಮುಗಿಯಿತು.