ಹೌದ್ರಿ ಚಂದ್ರಾಮಪ್ಪ

ಶಹಾಪುರದ ಚಂದ್ರಾಮಪ್ಪನಿಗೆ ಯಾರೇ ಫೋನ್ ಮಾಡಲಿ, ಮೊದಲು ಡಿಸ್ಕೊ ಹಾಡು ಕೇಳಬೇಕು. ಅವನು ಕೇಳದ ಆ ಹಾಡಿಗೆ ಮೊಬೈಲ್ ಕಂಪನಿ ತಿಂಗಳು ತಿಂಗಳು ದುಡ್ಡು ಮುರಿದುಕೊಳ್ಳುತ್ತದೆ. ಪ್ರತಿ ಸಲವೂ ‘ಇವತ್ತು ಬಿಡುವುದೇ ಇಲ್ಲ’ ಎಂದು ಮೀಸೆ ತಿರುವಿ ಕಸ್ಟಮರ್ ಕೇರಿಗೆ ಫೋನ್ ಹಚ್ಚುತ್ತಾನೆ, ಆದರೆ ರೆಕಾರ್ಡಿನ ಹೆಣ್ಣುದನಿ ‘ನಮಸ್ಕಾರ’ ಅಂದದ್ದೇ ತಡ, ಎದ್ದು ನಿಂತು ಚಪ್ಪಲಿ ಬಿಡುತ್ತಾನೆ. ‘ಹೊಸ ಸೇವೆ ಬೇಕಿದ್ದರೆ ಹೌದು ಎನ್ನಿ’ ಎಂದು ಅದು ಹೇಳಿದರೆ, ‘ಹೌದ್ರಿ ಅಕ್ಕಾರ, ನಂದೊಂದು ತಕರಾರ ಐತ್ರಿ’ ಎಂದೇ ಇವನ ಜಗಳ ಶುರು. ಹೀಗೆ ಜಗಳ ಆಡಿ ಆಡಿ ಕ್ರಿಕೆಟ್ ಸ್ಕೋರು, ರಾಶಿಭವಿಷ್ಯ ಎಲ್ಲ ಗಂಟುಬಿದ್ದು, ಮೊನ್ನೆಯಿಂದ ತೂಕ ಇಳಿಸುವ ಸಲಹೆಯೂ ಬರುತ್ತಿದೆ. ಆಸಾಮಿ ಇರುವುದೇ ಜೋಳದ ದಂಟಿನಷ್ಟು. ‘ಒಮ್ಮೆರ ಒಲ್ಲೆ ಅನ್ರಿ!’ ಎಂದು ಹೆಂಡತಿ ಹಣಮಮ್ಮ ಪಕ್ಕೆ ತಿವಿದರೆ, ‘ತಡಿ, ಪಾಪ, ಅಕಿ ಮಾತ ಮುಗೀಲಿ’ ಅನ್ನುತ್ತಾನೆ. ಸರ್ಕಾರಿ ಕಚೇರಿಯ ಬಾಗಿಲಲ್ಲಿ ಮೂವತ್ತೊಂದು ವರ್ಷ ಜವಾನನಾಗಿ ನಿಂತವನು. ಗಂಟೆ ಒತ್ತಿದ ಯಾವ ಸಾಹೇಬನಿಗೂ ‘ಒಲ್ಲೆ’ ಅಂದ ಬಾಯಲ್ಲ ಅದು. ಎಂಟು ದಿನ ಎಮ್ಮೆಯ ಮುಂದೆ ನಿಂತು ರೂಢಿ ಮಾಡಿ, ನಿನ್ನೆ ಕಣ್ಣು ಮುಚ್ಚಿ ‘ಒಲ್ಲೆ’ ಅಂದೇಬಿಟ್ಟ. ‘ಎಲ್ಲ ಸೇವೆಗಳನ್ನೂ ನಿಲ್ಲಿಸಬೇಕೆ? ಹೌದು ಎನ್ನಿ’ ಎಂದಿತು ದನಿ. ಜೀವನದಲ್ಲಿ ಒಂದೇ ಒಂದು ಸಲ ‘ಹೌದ್ರಿ’ ಅಂದರೆ ಗೆಲ್ಲುವ ಹೊತ್ತಿನಲ್ಲಿ, ಚಂದ್ರಾಮಪ್ಪ ಎರಡೂ ಅಂಗೈ ನಡುವೆ ಫೋನ್ ಹಿಡಿದು ಕೈಮುಗಿದ: ‘ತಪ್ಪಾತ್ರಿ ಅಕ್ಕಾರ.’