ಸೂಜಿಯ ಅರ್ಧ ಸುತ್ತು

ದೋಣಿಕಟ್ಟೆಯ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್‌ಗಳನ್ನು ರಿಪೇರಿ ಮಾಡುವ ಅವನ ತಗಡಿನ ಶೆಡ್ಡಿಗೆ ಬಂದವರು ಏನನ್ನು ಬೇಕಾದರೂ ಮುಟ್ಟಬಹುದಿತ್ತು, ಕಾರ್ಬುರೇಟರಿನ ಸೂಜಿಯೊಂದನ್ನು ಬಿಟ್ಟು.

"ಅದಕ್ಕೆ ಕೈ ಹಾಕಿದ್ರೆ ಎಂಜಿನ್ ಹೊತ್ಕೊಂಡು ಹೊರಡ್ತಾ ಇರು," ಎನ್ನುತ್ತಿದ್ದ.

ಎಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕೆಂದು ತೀರ್ಮಾನಿಸುವುದು ಆ ಸೂಜಿ. ಒಳಕ್ಕೆ ತಿರುಗಿಸಿದರೆ ಕಡಿಮೆ, ಹೊರಕ್ಕೆ ಬಿಟ್ಟರೆ ಹೆಚ್ಚು. ಮೇಸ್ತ್ರಿ ಅದನ್ನು ಮೆಲ್ಲಗೆ ಪೂರ್ತಿ ಕೂರಿಸಿ, ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ ಓಡಿಸುತ್ತಿದ್ದ. ಕಣ್ಣು ಮುಚ್ಚಿ ಕೇಳುತ್ತ ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿದ್ದ. ಸದ್ದು ನುಣ್ಣಗಾದ ಮೇಲೆ ಕಾಲು ಸುತ್ತು ಹೊರಕ್ಕೆ ಬಿಟ್ಟು, ಬೇಕೆಂದೇ ಅದನ್ನು ಒಂದಿಷ್ಟು ಒರಟು ಮಾಡುತ್ತಿದ್ದ. ಡ್ರಮ್ಮಿನಲ್ಲಿ ಭಾರವಿಲ್ಲ, ಕಡಲಲ್ಲಿ ಇದೆ. ಆ ಕಾಲು ಸುತ್ತು ಅಲೆಗೆ ಎಂದು ಅವನ ಮಾತು. ಆಮೇಲೆ ತಾನೇ ದೋಣಿ ಹತ್ತಿ, ಹೊಳೆ ಕಡಲಿಗೆ ಸೇರುವ ಅಳಿವೆಯವರೆಗೆ ಹೋಗಿ ನೋಡಿ ಬರುತ್ತಿದ್ದ. "ಮೇಸ್ತ್ರಿ, ಇದು ಪೆಟ್ರೋಲ್ ಜಾಸ್ತಿ ಕುಡಿಯುತ್ತೆ" ಎಂದು ಯಾರಾದರೂ ಗೊಣಗಿದರೆ, "ನಿನ್ನಷ್ಟು ಕುಡಿಯಲ್ಲ ಬಿಡು" ಎಂದು ಬಾಯಿ ಮುಚ್ಚಿಸುತ್ತಿದ್ದ.

ಯಾರಿಗೂ ಬಗ್ಗದ ಈ ಆಸಾಮಿ ಒಬ್ಬನಿಗೆ ಮಾತ್ರ ಬಗ್ಗಿದ. ಅವನು ತಂಗಿಯ ಗಂಡ. ಸಾಧು ಮನುಷ್ಯ. ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಅಂಥವನು ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ತಲೆ ಕೆರೆದುಕೊಂಡ.

"ಭಾವ, ಈಗ ಮೀನೆಲ್ಲ ದೂರ ಹೋಗಿದೆ. ಒಂದೇ ಕ್ಯಾನ್ ಪೆಟ್ರೋಲಲ್ಲಿ ಹೋಗಿ ಬರೋ ಹಾಗೆ ಏನಾದ್ರೂ ಮಾಡೋಕಾಗುತ್ತಾ?"

ಮೇಸ್ತ್ರಿ ಬೈಯಬೇಕಿತ್ತು. ಬೈಯಲಿಲ್ಲ. ಸೂಜಿಯನ್ನು ಅರ್ಧ ಸುತ್ತು ಒಳಕ್ಕೆ ಕೂರಿಸಿದ. ಡ್ರಮ್ಮಿನಲ್ಲಿ ಎಂಜಿನ್ ಎಷ್ಟು ಇಂಪಾಗಿ ಓಡಿತೆಂದರೆ ಇಬ್ಬರೂ ನಕ್ಕರು. ಪೆಟ್ರೋಲು ಕಡಿಮೆಯಾದ ಎಂಜಿನ್ ಕೆಡುವ ಮೊದಲು ಹಾಗೆಯೇ ಚೆನ್ನಾಗಿ ಓಡುತ್ತದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಂದು ಕೈತುಂಬ ಕೆಲಸವಿತ್ತು, ನಮ್ಮವನೇ ತಾನೇ ಎಂದುಕೊಂಡು ಅಳಿವೆಯವರೆಗೆ ಹೋಗಿ ನೋಡಲಿಲ್ಲ.

ಮೂರನೆಯ ದಿನ, ಅಳಿವೆಯಲ್ಲಿ, ಎಲ್ಲಕ್ಕಿಂತ ದೊಡ್ಡ ಅಲೆಗಳೇಳುವ ಜಾಗದಲ್ಲೇ ಎಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿ ಮಗುಚಿತು. ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ತಂಗಿಯ ಗಂಡ ಸೇರಲಿಲ್ಲ.

ನೀರಿನಿಂದ ಎತ್ತಿದ ಎಂಜಿನ್ನನ್ನು ಬಿಚ್ಚಲು ಮೇಸ್ತ್ರಿಯನ್ನೇ ಕರೆದರು. ಅವನಲ್ಲದೆ ಇನ್ಯಾರು? ಆ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನಲ್ಲೇ ಬೆರೆತು. ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ. ಪಿಸ್ಟನ್ ಕಾದು, ಗೀರು ಬಿದ್ದು, ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅವನು ಸೂಜಿಯ ಸುತ್ತು ಎಣಿಸಿದ. ಒಂದೂಕಾಲು. ತಾನು ಬಿಟ್ಟಷ್ಟೇ ಇತ್ತು.

"ಏನಾಗಿತ್ತು ಮೇಸ್ತ್ರಿ?" ಸುತ್ತ ನಿಂತವರು ಕೇಳಿದರು.

"ಪೆಟ್ರೋಲಲ್ಲಿ ನೀರು ಸೇರಿತ್ತು," ಎಂದ.

ಪೆಟ್ರೋಲಿಗೆ ಬಾಯಿಲ್ಲ, ಅದರ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲ ಎಂದು ಅವನ ಲೆಕ್ಕಾಚಾರ. ನಿಜ ಹೇಳಿದರೆ ತನಗೆ ಉಳಿದಿರುವ ಒಬ್ಬಳೇ ತಂಗಿ ಮುಖ ತಿರುಗಿಸುತ್ತಾಳೆಂಬ ಭಯ ಅವನ ನಾಲಿಗೆಯನ್ನು ಕಟ್ಟಿಹಾಕಿತ್ತು. ಹೇಡಿತನವೇ, ಬೇರೆ ಹೆಸರೇಕೆ. ನಾಲ್ಕು ವರ್ಷ ಪ್ರತಿ ಭಾನುವಾರ ಅವಳ ಮನೆಗೆ ಹೋಗಿ, ಹರಿದ ಬಲೆ ಹೊಲಿದು ಬದುಕುವ ಅವಳು ಬಡಿಸಿದ್ದನ್ನು ತಲೆ ತಗ್ಗಿಸಿ ತಿಂದು ಬಂದ.

ಒಂದು ಭಾನುವಾರ ಅವನು ಊಟಕ್ಕೆ ಕೂತಿದ್ದಾಗ ಪಕ್ಕದ ಮನೆಯ ದೋಣಿಯವನ ಹೆಂಡತಿ ಪೆಟ್ರೋಲು ಸುರಿಯುವ ಆಲಿಕೆ ಕೇಳಿಕೊಂಡು ಬಂದಳು. ತಂಗಿ ಆಲಿಕೆಯ ಜೊತೆಗೆ ಮಡಿಸಿದ ಬಟ್ಟೆಯನ್ನೂ ಕೊಟ್ಟಳು.

"ಎರಡು ಸಲ ಸೋಸು ಕಣೇ, ನೀರಿದ್ರೆ ಬಟ್ಟೆಯಲ್ಲೇ ನಿಲ್ಲುತ್ತೆ. ಆವತ್ತು ಕ್ಯಾನ್ ತುಂಬಿದ್ದು ನಾನೇ. ಅವರು ಸೋಸು ಅಂದಿದ್ರು. ಒಲೆ ಮೇಲೆ ಹಾಲಿತ್ತು, ಹಾಗೇ ಸುರಿದುಬಿಟ್ಟೆ."

ಮೇಸ್ತ್ರಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಾಲ್ಕು ವರ್ಷದಲ್ಲಿ ಅವಳು ಈ ಮಾತು ಅವನಿಗೆ ಹೇಳಿರಲಿಲ್ಲ. ಆ ಹೆಂಗಸು ಹೋಗುವವರೆಗೂ ಕಾದು ಬಾಯಿ ಬಿಟ್ಟ. ಸೂಜಿ, ಅರ್ಧ ಸುತ್ತು, ಕಚ್ಚಿಕೊಂಡ ಪಿಸ್ಟನ್, ಎಲ್ಲವನ್ನೂ ಹೇಳಿದ.

ತಂಗಿ ಗೋಡೆಗೆ ಒರಗಿ ಕೇಳಿದಳು. ಅಳಲಿಲ್ಲ.

"ಹಾಗಾದ್ರೆ ಪೆಟ್ರೋಲಲ್ಲಿ ನೀರು?"

"ಇರಲಿಲ್ಲ."

"ನಿಂಗಿದು ಯಾವತ್ತು ಗೊತ್ತಾಯ್ತು?"

"ಎಂಜಿನ್ ಬಿಚ್ಚಿದ ದಿನಾನೇ."

ಅವಳು ಗೋಡೆ ಬಿಟ್ಟು ಬಂದು ಅವನೆದುರು ಕೂತಳು.

"ನೀನು ತಿರುಗಿಸಿದ್ದಕ್ಕೆ ನಾನೇನೂ ಅನ್ನಲ್ಲಣ್ಣ. ಅವರು ಕೇಳಿದ್ರು, ನೀನು ಮಾಡ್ದೆ. ಆದ್ರೆ ನಾಲ್ಕು ವರ್ಷ ದಿನಾ ಮಲಗೋ ಮುಂಚೆ ನಾನು ಅವರ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡಿದೀನಿ. ಒಂದು ದಿನಾನೂ ಬಿಟ್ಟಿಲ್ಲ."

ಅವನು ಅರ್ಧ ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು ಹೊರಟ. ಅವಳು ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ.

ಮುಂದಿನ ಭಾನುವಾರ ಅವನು ಹೋದ. ಬಾಗಿಲು ತೆರೆದಿತ್ತು. ತಂಗಿ ಒಳಗೆ ಒಬ್ಬಳೇ ಊಟ ಮಾಡುತ್ತಿದ್ದಳು. ಹಸಿದವರು ಉಣ್ಣುವ ಹಾಗೆ, ತಟ್ಟೆ ತುಂಬ ಬಡಿಸಿಕೊಂಡು. ಗಂಡ ಹೋದ ಮೇಲೆ ಅವಳು ಹೀಗೆ ಉಣ್ಣುವುದನ್ನು ಅವನು ನೋಡಿರಲಿಲ್ಲ. ಅವಳು ತಲೆಯೆತ್ತಿ ಅವನನ್ನು ಕಂಡಳು, ಮತ್ತೆ ತಟ್ಟೆಯ ಕಡೆ ತಿರುಗಿದಳು. ಅವನಿಗೆಂದು ತಟ್ಟೆ ಇಟ್ಟಿರಲಿಲ್ಲ. ಮೇಸ್ತ್ರಿ ಹೊಸ್ತಿಲ ಹೊರಗೆ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಮೆಟ್ಟಿಕೊಂಡು ಶೆಡ್ಡಿಗೆ ವಾಪಸಾದ.